ಹಗೇವಿಗೆ ಇಳಿಸಿದ ದೀಪ

೧೯೧೨ನೆಯ ಇಸವಿ ಏಪ್ರಿಲ್ ಒಂಬತ್ತರ ಬೆಳಗ್ಗೆ ಹಿರಿಯೂರು ಪೊಲೀಸ್ ಠಾಣೆಯ ಮುಂದೆ ಎರಡು ಗಾಡಿಗಳು ಬಂದು ನಿಂತವು. ಮುಂದಿನ ಕಮಾನು ಗಾಡಿಯಿಂದ ಜವನಗೊಂಡನಹಳ್ಳಿಯ ತೆಂಗಿನಕಾಯಿ ವ್ಯಾಪಾರಿ ಮುರುಗೇಶಪ್ಪ ಇಳಿದರು. ಹಿಂದಿನದು ಕಾಯಿ ಹೇರುವ ಗಾಡಿ. ಅದರ ಗೂಟಕ್ಕೆ ಕೈ ಕಟ್ಟಿಸಿಕೊಂಡು ಅವರ ಮನೆಯ ಆಳು ಕಾಟಪ್ಪ ಕುಳಿತಿದ್ದ.

ಇನ್ಸ್‌ಪೆಕ್ಟರ್ ಮೂರ್ತಪ್ಪ ಹೊರಗೆ ಬಂದು ನೋಡಿ, ಮೊದಲು ಕೇಳಿದ್ದು ಆ ಹಗ್ಗದ ವಿಚಾರ.

“ಇದನ್ನ ಕಟ್ಟಿದೋರು ಯಾರು?”

“ನಮ್ಮ ಆಳುಗಳು ಸಾಹೇಬ್ರೆ. ಕೊಲೆಗಾರ ಅವನು. ಓಡಿಹೋದ್ರೆ ಏನು ಮಾಡಾಣ?”

“ಬಿಚ್ಚಿಸ್ರಿ. ಕಟ್ಟೋದಿದ್ರೆ ನಾವು ಕಟ್ತೀವಿ.”

ದಫೇದಾರ ಯತ್ತಪ್ಪ ಹಗ್ಗ ಬಿಚ್ಚಿ, ಕಾಟಪ್ಪನ ಕೈಗೆ ರಕ್ತ ಹರಿಯಲೆಂದು ಮಣಿಕಟ್ಟನ್ನು ಒಂದೆರಡು ಸಲ ತಿಕ್ಕಿದ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಮುರುಗೇಶಪ್ಪನವರ ಫಿರ್ಯಾದು ಹೀಗಿತ್ತು. ಅವರ ಮನೆಯ ಪಡಸಾಲೆಯಲ್ಲಿ ಜೋಳ ತುಂಬಿಡುವ ಹಗೇವು ಇದೆ. ಹಿಂದಿನ ದಿನ ಬೆಳಗ್ಗೆ ಜೋಳ ತೆಗೆಯಲು ಹಳೆಯ ಆಳು ಚಿತ್ತಯ್ಯ ಎಂದಿನಂತೆ ಹಗೇವಿಗೆ ದೀಪ ಇಳಿಸಿದ. ಒಳಗಿನಿಂದ ಬೆಂಕಿ ಸಿಡಿದು ಮೇಲಕ್ಕೆ ಬಂತು. ಬಾಯಿಯ ಮೇಲೆ ಬಗ್ಗಿದ್ದ ಚಿತ್ತಯ್ಯ ಸ್ಥಳದಲ್ಲೇ ತೀರಿಕೊಂಡ. ಮನೆಗೆ ಕಳೆದ ವರ್ಷ ಗ್ಯಾಸ್ ದೀಪ ಹಾಕಿಸಿದ್ದರು. ಹಿತ್ತಲ ಕೊಟ್ಟಿಗೆಯಲ್ಲಿ ಅದರ ಯಂತ್ರವಿತ್ತು. ಗ್ಯಾಸ್ ಕಲ್ಲನ್ನು ನೀರಿಗೆ ಹಾಕಿ ಅದನ್ನು ನಡೆಸುವ ಕೆಲಸ ಕಾಟಪ್ಪನದು. ನೆಂಟರು ಬಂದ ದಿನ ದೀಪ ಮಂಕಾಯಿತೆಂದು ಮುರುಗೇಶಪ್ಪ ಅವನಿಗೆ ಚಾವಟಿಯಲ್ಲಿ ಹೊಡೆದಿದ್ದರು. ಆ ಸಿಟ್ಟಿಗೆ ಕಲ್ಲುಗಳನ್ನು ಹಗೇವಿಗೆ ಹಾಕಿ ತಮ್ಮನ್ನೇ ಕೊಲ್ಲಲು ನೋಡಿದ ಎಂಬುದು ಅವರ ಮಾತು.

“ಹಗೇವಿನಲ್ಲಿ ಗ್ಯಾಸ್ ಕಲ್ಲು ಇತ್ತು ಅಂತ ಹೆಂಗೆ ಗೊತ್ತಾಯ್ತು?” ಮೂರ್ತಪ್ಪ ಕೇಳಿದರು.

“ವಾಸನೆ. ಬೆಳ್ಳುಳ್ಳಿ ಕೊಳೆತಂಗೆ. ನಮ್ಮ ಮನೇಲಿ ಅದು ದಿನಾ ಇರೋ ವಾಸನೆ, ಆದ್ರೆ ಹಗೇವಿನಾಗೆ ಯಾಕಿರಬೇಕು?”

ಮೂರ್ತಪ್ಪ ಪ್ರಥಮ ವರ್ತಮಾನ ವರದಿ ಬರೆದು, ಕೊಲೆಯ ಕಲಂ ಹಾಕಿದರು. ಆ ಕಲಮಿಗೆ ಶಿಕ್ಷೆ ಏನೆಂದು ಕಾಟಪ್ಪ ಕೇಳಲಿಲ್ಲ. ಗಾಡಿಯಲ್ಲಿ ಮುರುಗೇಶಪ್ಪನವರ ಆಳುಗಳು ದಾರಿಯುದ್ದಕ್ಕೂ ನೇಣಿನ ಮಾತಾಡಿ ಅದನ್ನು ಅವನಿಗೆ ಚೆನ್ನಾಗಿ ತಿಳಿಸಿದ್ದರು.

ಮಧ್ಯಾಹ್ನಕ್ಕೆ ಮುಂಚೆ ಎಲ್ಲರೂ ಜವನಗೊಂಡನಹಳ್ಳಿ ಸೇರಿದರು. ಪಟೇಲರು ಪಂಚರನ್ನು ಕರೆಸಿಟ್ಟಿದ್ದರು. ಹೊರಗಿನ ಹುಣಸೆಮರದ ನೆರಳಲ್ಲಿ ಚಿತ್ತಯ್ಯನ ದೇಹವನ್ನು ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ಅವನ ಹೆಂಡತಿ ತಿಪ್ಪಮ್ಮ ಕುಳಿತು ನೊಣ ಓಡಿಸುತ್ತಿದ್ದಳು. ಮುಖ, ಎದೆ ಸುಟ್ಟಿದ್ದವು. ಹಿಂದಕ್ಕೆ ಬಿದ್ದ ರಭಸಕ್ಕೆ ತಲೆ ಕಂಬಕ್ಕೆ ಬಡಿದಿತ್ತು. ಶವ ಪಂಚನಾಮೆ ಮುಗಿಸಿ ದೇಹವನ್ನು ಮಣ್ಣಿಗೆ ಬಿಟ್ಟುಕೊಟ್ಟರು.

ಪಡಸಾಲೆಯ ಮೂಲೆಯಲ್ಲಿ ಹಗೇವಿನ ಬಾಯಿ ಇತ್ತು. ಅದು ನೆಲದೊಳಗೆ ತೋಡಿದ ದೊಡ್ಡ ಹೂಜಿಯ ಹಾಗೆ, ಹೊಟ್ಟೆ ಅಗಲ, ಕುತ್ತಿಗೆ ಕಿರಿದು. ಕಾಳು ತುಂಬಿ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕೆಟ್ಟುಹೋಗುತ್ತದೆ. ಅದಕ್ಕೆ ಆ ಸೀಮೆಯಲ್ಲಿ ಬಾಯಿ ತೆರೆದು ಒಂದು ರಾತ್ರಿ ಬಿಟ್ಟು, ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಯಾರೂ ಇಳಿಯುವಂತಿಲ್ಲ.

ಒಳಗೆ ಕತ್ತಲು. ಪಂಚರಲ್ಲಿ ಒಬ್ಬರು ಲಾಟೀನು ಹಚ್ಚಿ ತಂದರು. ಯತ್ತಪ್ಪ ಅದಕ್ಕೆ ಹಗ್ಗ ಕಟ್ಟುತ್ತಿದ್ದಾಗ ಹಿತ್ತಲ ಬಾಗಿಲಿನ ಹೊರಗಿನಿಂದ ಕಾಟಪ್ಪ ಕೂಗಿದ.

“ಬುದ್ಧೀ, ದೀಪ ಬ್ಯಾಡ್ರಿ. ಒಳಗಿನ್ನೂ ಸದ್ದು ಬರ್ತೈತೇನೋ ಕೇಳ್ರಿ.”

ಎಲ್ಲರೂ ಕಿವಿಗೊಟ್ಟರು. ತಳದಲ್ಲಿ, ಬಿಸಿ ಬಾಣಲೆಗೆ ಹನಿ ಬಿದ್ದ ಹಾಗೆ, ಸಣ್ಣಗೆ ಸುಯ್ಯೆನ್ನುತ್ತಿತ್ತು.

“ನೋಡಿದ್ರಾ,” ಮುರುಗೇಶಪ್ಪ ಅಂದರು. “ಗೊತ್ತಿರೋನಿಗೇ ಗೊತ್ತು.”

ಯತ್ತಪ್ಪ ಲಾಟೀನನ್ನು ಬೀದಿಗೆ ಒಯ್ದು, ಅಲ್ಲಿಯೇ ಆರಿಸಿ ಬಂದ. ಮೂರ್ತಪ್ಪ ಒಲೆಯ ಬೆಂಕಿ ಆರಿಸಲು ಹೇಳಿ, ಬಾಗಿಲು ಕಿಟಕಿಗಳನ್ನೆಲ್ಲ ತೆಗೆಸಿ, ಮನೆಯವರನ್ನೂ ನೋಡಲು ಬಂದ ಊರವರನ್ನೂ ಬೀದಿಗೆ ಕಳಿಸಿದರು. ಬೀಡಿ ಸೇದುತ್ತಿದ್ದ ಮುದುಕನೊಬ್ಬನಿಗೆ ಇನ್ನೂ ದೂರ ಹೋಗಲು ಹೇಳಿದರು.

“ನಾನು ಊರಿಗೇ ಹಿರಿಯ ಕಣಪ್ಪ,” ಮುದುಕ ಗೊಣಗಿದ.

“ಅದಕ್ಕೇ ಅಜ್ಜ, ಇನ್ನೂ ಸ್ವಲ್ಪ ದಿನ ಇರ್ಲಿ ಅಂತ,” ಯತ್ತಪ್ಪ ಅಂದ.

ಸಂಜೆಯವರೆಗೂ ಕಾದು, ಸದ್ದು ನಿಂತ ಮೇಲೂ ಬೆಳಗಿನವರೆಗೆ ಹಗೇವನ್ನು ಹಾಗೇ ತೆರೆದಿಡಿಸಿದರು. ಮಾರನೆಯ ದಿನ ಬಿಸಿಲೇರಿದ ಮೇಲೆ ಮೂರ್ತಪ್ಪ ಒಂದು ಕನ್ನಡಿ ಕೇಳಿದರು. ಮುರುಗೇಶಪ್ಪನವರ ಹೆಂಡತಿ ಕೊಟ್ರಮ್ಮ ತಮ್ಮ ದೊಡ್ಡ ಕನ್ನಡಿಯನ್ನು ಕೊಟ್ಟರು. ಅಂಗಳದ ಬಿಸಿಲನ್ನು ಅದರಲ್ಲಿ ಹಿಡಿದು ಹಗೇವಿನೊಳಗೆ ಬಿಟ್ಟಾಗ ಒಳಗೋಡೆ ಬೆಳಗಿತು.

ತಳದ ಕಾಳಿನ ಮೇಲೆ ಬೂದುಬಣ್ಣದ ಸುಣ್ಣದ ರಾಡಿ, ಅದರ ಸುತ್ತ ಒಡೆದ ಮಣ್ಣಿನ ಕೊಡದ ಚೂರುಗಳು. ಗೋಡೆಯಲ್ಲಿ ತಳದಿಂದ ಅರ್ಧದವರೆಗೆ, ಒಂದರ ಮೇಲೊಂದು, ಮಣ್ಣು ಕೆರೆದು ಮಾಡಿದ ಗುಳಿಗಳು. ಅಲ್ಲಿಂದ ಮೇಲೆ ಗೋಡೆ ಒಳಮುಖವಾಗಿ ಬಾಗುತ್ತಿತ್ತು. ಗುಳಿಗಳು ಅಲ್ಲಿಗೇ ನಿಂತಿದ್ದವು.

“ಹತ್ತೋಕೆ ಮಾಡಿದ್ದು,” ಯತ್ತಪ್ಪ ಮೆಲ್ಲಗೆ ಅಂದ. “ಆದ್ರೆ ನನ್ನ ಹೆಬ್ಬೆರಳು ಸೈತ ಅದರಾಗೆ ಕೂರಲ್ಲ ಸ್ವಾಮಿ.”

“ಇದಕ್ಕೆ ಇಳಿಯೋರು ಯಾರು?” ಮೂರ್ತಪ್ಪ ಮುರುಗೇಶಪ್ಪನವರನ್ನು ಕೇಳಿದರು.

“ನಮ್ಮ ಏಕಾಂತಮ್ಮ. ತೀರಿಕೊಂಡ ತಮ್ಮನ ಮಗಳು. ಮೈ ಸಣ್ಣ, ಅವಳೊಬ್ಬಳೇ ಈ ಬಾಯಾಗೆ ಹಿಡಿಯೋದು.”

ಏಕಾಂತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹದಿನೆಂಟು ಹತ್ತೊಂಬತ್ತರ ವಯಸ್ಸು. ಬಲಗೈ ಮೊಣಕೈವರೆಗೆ ಸುಟ್ಟು, ಕೊಬ್ಬರಿ ಎಣ್ಣೆ ಹಚ್ಚಿದ್ದರು. ಹುಬ್ಬು ಕರಕಾಗಿತ್ತು. ದೀಪ ಇಳಿಸುವಾಗ ಅವಳು ಸೊಂಟಕ್ಕೆ ಹಗ್ಗ ಬಿಗಿದು ಚಿತ್ತಯ್ಯನ ಹಿಂದೆಯೇ ನಿಂತಿದ್ದಳೆಂದು ಕೊಟ್ರಮ್ಮ ಹೇಳಿದರು.

ಸ್ಥಳ ಪಂಚನಾಮೆಗೆ ಸಹಿ ಮಾಡಿಸಿ, ಚೂರುಗಳನ್ನು ಕೊಕ್ಕೆಯಿಂದ ಮೇಲೆತ್ತಿ ಬಟ್ಟೆಯಲ್ಲಿ ಕಟ್ಟಿಕೊಂಡರು.

ಠಾಣೆಯಲ್ಲಿ ಕಾಟಪ್ಪನ ವಿಚಾರಣೆ ಉದ್ದವಾಗಲಿಲ್ಲ.

“ಕಲ್ಲಿನ ಡಬ್ಬ ಎಲ್ಲಿರ್ತಿತ್ತು?”

“ಕೊಟ್ಟಿಗೇಲಿ.”

“ಬೀಗ?”

“ಇಲ್ರಿ.”

“ಕಲ್ಲು ಕಮ್ಮಿ ಆಗಿದ್ದು ನಿನಗೆ ಗೊತ್ತಿತ್ತಾ?”

ಕಾಟಪ್ಪ ಮಣಿಕಟ್ಟಿನ ಮೇಲಿನ ಹಗ್ಗದ ಗುರುತು ತಿಕ್ಕಿಕೊಂಡ.

“ಕೊಟ್ಟಿಗೆಗೆ ಬೇರೆ ಯಾರು ಬರ್ತಾರೆ?”

ಅವನು ಗೋಡೆಯ ಕಡೆ ತಿರುಗಿ ಕುಳಿತ.

“ಲೇ ಕಾಟಪ್ಪ, ನೀನು ಬಾಯಿ ಬಿಡದಿದ್ರೆ ಕುಣಿಕೆ ನಿನ್ನ ಕೊರಳಿಗೇ ಬೀಳ್ತದೆ. ತಿಳೀತಾ?”

“ತಿಳೀತು ಬುದ್ಧಿ.”

“ಮನೇಲಿ ಯಾರಿದಾರೆ?”

“ತಾಯಿ. ಕಣ್ಣು ಕಾಣಲ್ಲ.” ಹಾಗೇ ಸೇರಿಸಿದ: “ಅವಳಿಗೆ ನಾನು ಗಾಡಿ ಜೊತೆ ಹೊಸದುರ್ಗಕ್ಕೆ ಹೋಗಿದೀನಿ ಅಂತ ಹೇಳಿಸ್ರಿ.”

ಯತ್ತಪ್ಪ ಮಾರನೆಯ ದಿನ ಅದನ್ನೇ ಹೇಳಿಬಂದ. ಸುಳ್ಳು ಹೇಳಿದ್ದಕ್ಕೆ ಇನ್ಸ್‌ಪೆಕ್ಟರ್ ಬೈಯುವರೆಂದು ಅವನಿಗೆ ಅಳುಕಿತ್ತು. ಅವರು ಬೈಯಲಿಲ್ಲ.

ಹನ್ನೆರಡನೆಯ ತಾರೀಖು ಮೂರ್ತಪ್ಪ ಜಟಕಾ ಹಿಡಿದು ಚಿತ್ರದುರ್ಗಕ್ಕೆ ಹೋದರು. ಗ್ಯಾಸ್ ಯಂತ್ರ ಕೂಡಿಸಿದ ಹೊಳಲ್ಕೆರೆಯ ಗುತ್ತಿಗೆದಾರ ಸಣ್ಣಪ್ಪ ಅಲ್ಲಿ ವಕೀಲರೊಬ್ಬರ ಮನೆಗೆ ಕೊಳವೆ ಹಾಕಿಸುತ್ತಿದ್ದ. ಕರಿಕೋಟು ತೊಟ್ಟ, ಮಾತುಗಾರ ಮನುಷ್ಯ. ರಾಡಿ ಮೆತ್ತಿದ ಚೂರನ್ನು ಮೂಸಿ ನೋಡಿದ.

“ಕಾರ್ಬೈಡೇ. ಕೊಡದಾಗೆ ನೀರು ಇಟ್ಟು ಕಲ್ಲು ಹಾಕವ್ರೆ. ಬಾಯಿಗೆ ಏನಾದ್ರೂ ಮುಚ್ಚಿದ್ರಾ?”

“ಗೋಣಿಚೀಲ ಹಾಸಿದ್ರಂತೆ. ಬೆಕ್ಕು ಬೀಳದಂಗೆ.”

“ಮುಗೀತು ಬಿಡ್ರಿ. ರಾತ್ರಿಯೆಲ್ಲಾ ತುಂಬ್ಕಂಡೈತೆ.”

“ಹಗೇವಿನ ಗಾಳಿ ದೀಪ ಆರಿಸ್ತದೆ. ಇದು ಯಾಕೆ ಆರಿಸಲಿಲ್ಲ?”

ಸಣ್ಣಪ್ಪ ನಕ್ಕ. “ಅದು ಸತ್ತ ಗಾಳಿ ಸಾಹೇಬ್ರೆ, ಇದು ಉರಿಯೋ ಗಾಳಿ. ದೀಪಾನೇ ಇದಕ್ಕೆ ಊಟ. ಅದಕ್ಕೇ ನಾನು ಎಲ್ಲಾ ಮನೆಗೂ ಹೇಳ್ತೀನಿ. ವಾಸನೆ ಬಂತಾ, ಕಡ್ಡಿ ಗೀರಬ್ಯಾಡ್ರಿ, ಹಚ್ಚಿದ ದೀಪ ತರಬ್ಯಾಡ್ರಿ, ಬಾಗಿಲು ತೆಗೀರಿ, ಹೊರಗಿನ ತಿರುಪು ಮುಚ್ಚಿರಿ, ಮಕ್ಕಳು ಮರಿ ಎಲ್ಲಾ ಬೀದಿಗೆ ಹೋಗ್ರಿ. ಕಾಪಾಡೋಕೆ ಬರೋನೂ ಲಾಟೀನು ಹಿಡ್ಕಂಡು ಬರಬಾರದು.”

“ಮುರುಗೇಶಪ್ಪನವರ ಮನೇಲಿ ಯಾರಿಗೆ ಹೇಳಿದ್ರಿ?”

“ಅವರಿಗೆ, ಆ ಕೊಟ್ಟಿಗೆ ಹುಡುಗನಿಗೆ. ಒಳಗಿನ ದೀಪ ಹಚ್ಚೋದು ಮನೆ ಹೆಣ್ಣುಮಗಳಂತೆ, ಅವಳನ್ನೂ ಕರೀರಿ ಅಂದೆ. ಹೆಂಗಸರಿಗೆ ಅದೆಲ್ಲಾ ಯಾಕೆ, ತಿರುಪು ತಿರುವಿ ಕಡ್ಡಿ ಕೊಟ್ರೆ ಆಯ್ತು ಅಂದ್ರು.”

ಮೂರ್ತಪ್ಪ ಎದ್ದವರು ಮತ್ತೆ ಕುಳಿತರು.

“ಇದು ಗೊತ್ತಿರೋನು ಕಲ್ಲು ಹಾಕಿ, ದೀಪ ಇಳಿಸೋವಾಗ ಪಕ್ಕದಲ್ಲೇ ನಿಂತ್ಕೊಳ್ತಾನಾ?”

“ಊರಾಗೇ ಇರಲ್ಲ ಸಾಹೇಬ್ರೆ.”

ಹಿಂತಿರುಗುವಾಗ ಜಟಕಾದಲ್ಲಿ ಅವರು ಲೆಕ್ಕ ಹಾಕುತ್ತ ಕುಳಿತರು. ದೀಪದ ಪಕ್ಕದಲ್ಲೇ ನಿಂತವರು ಕಲ್ಲು ಹಾಕಿದ್ದಾದರೆ, ಬೆಂಕಿ ಸಿಡಿಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಹಾಗಾದರೆ ಏನಾಗುತ್ತದೆ ಎಂದುಕೊಂಡಿದ್ದರು? ಹಗೇವು ಬಲ್ಲ ಯಾರನ್ನು ಕೇಳಿದರೂ ಹೇಳುವ ಉತ್ತರ ಒಂದೇ. ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ.

ಹದಿಮೂರರ ಬೆಳಗ್ಗೆ ಅವರು ಮೊದಲು ಹೋದದ್ದು ಚಿತ್ತಯ್ಯನ ಗುಡಿಸಲಿಗೆ. ತಿಪ್ಪಮ್ಮ ಅವರಿಗೆ ಮಣೆ ಹಾಕಿ, ತಾನು ನೆಲದ ಮೇಲೆ ಕುಳಿತಳು.

“ನಿನ್ನ ಗಂಡ ದೀಪ ಇಳಿಸೋದ್ರಾಗೆ ನಿಧಾನ ಅಂತೆ?”

“ಹ್ಞೂ. ಧಣಿ ಬೈತಿದ್ರು. ಒಂದು ಎಲೆ ಅಡಿಕೆ ಮೆಲ್ಲೋ ಹೊತ್ತು ದೀಪ ತಳದಾಗೆ ಬಿಡ್ತಿದ್ದ. ಹುಡುಗಿ ಇಳೀತಾಳೆ, ನನ್ನ ಅವಸರಕ್ಕೆ ಅವಳ ಜೀವ ಹೋಗಬಾರದು ಅಂತಿದ್ದ.”

“ಇನ್ನೇನು ಹೇಳ್ತಿದ್ದ?”

ತಿಪ್ಪಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ದೊಡ್ಡ ಮನೆ ಮಾತು ಸ್ವಾಮಿ. ನಾವು ಅಲ್ಲೇ ಬಾಳಬೇಕು.”

ಯತ್ತಪ್ಪ ಎದ್ದು ಹೊರಗೆ ಹೋಗಿ, ಬೇಲಿಯ ಬಳಿ ಇಣುಕುತ್ತಿದ್ದವರನ್ನು ಮಾತಿಗೆಳೆದುಕೊಂಡು ದೂರ ನಡೆದ. ಆಗ ತಿಪ್ಪಮ್ಮ ದನಿ ತಗ್ಗಿಸಿ ಹೇಳಿದಳು.

“ಹೋದ ಸುಗ್ಗೀಲಿ ಆ ಹುಡುಗಿ ಹೇಳದೆ ಕೇಳದೆ ಬಿ.ದುರ್ಗಕ್ಕೆ, ಅವರ ಚಿಕ್ಕಮ್ಮನ ಮನೆಗೆ ಹೋಗಿಬಿಟ್ಟಿದ್ಲು. ಧಣಿ ಹೋಗಿ ಕರ್ಕಂಡು ಬಂದ್ರು. ಆಮ್ಯಾಕೆ ಜೋಳ ತೆಗೆಯೋಕೆ ಇಳಿಸಿದಾಗ ಹಗ್ಗ ಮೇಲೆ ಎಳ್ಕಂಡು ಬಂಡೆ ಎಳೆದ್ರಂತೆ. ಬೆರಳು ಹೋಗೋಷ್ಟು ಸಂದು ಬಿಟ್ಟು. ಬುದ್ಧಿ ಬರ್ಲಿ ಅಂತ. ಆಮ್ಯಾಕೆ ಅದೇ ರೂಢಿ ಆಯ್ತು. ಸಾರು ಉಪ್ಪಾದ್ರೂ ಹಗೇವು, ಎದುರು ಮಾತಾಡಿದ್ರೂ ಹಗೇವು. ಕೊಟ್ರಮ್ಮ ಪಾಪ, ಗಂಡನ ಕಣ್ಣು ತಪ್ಪಿಸಿ ಬಂಡೆ ಸರಿಸಿ ಒಂದು ಕೊಡ ನೀರು ಇಳಿಸ್ತಿದ್ರು. ನನ್ನ ಗಂಡ ಆ ದಿನ ಊಟಕ್ಕೆ ಕುಂತ್ರೆ ತುತ್ತು ಇಳೀತಿರಲಿಲ್ಲ.”

ಅಲ್ಲಿಂದ ದೊಡ್ಡ ಮನೆಗೆ ಬಂದಾಗ ಮುರುಗೇಶಪ್ಪ ಇರಲಿಲ್ಲ, ಸಂತೆಗೆ ಹೋಗಿದ್ದರು. ಮೂರ್ತಪ್ಪ ಒಡೆದ ಚೂರುಗಳನ್ನು ಪಡಸಾಲೆಯಲ್ಲಿ ಹರಡಿ ಕೊಟ್ರಮ್ಮನವರನ್ನು ಕರೆದರು.

“ಈ ಕೊಡ ಯಾರದು ತಾಯಿ?”

ಕೊಟ್ರಮ್ಮ ಚೂರುಗಳನ್ನು ನೋಡಿದರು, ಹಗೇವನ್ನು ನೋಡಲಿಲ್ಲ. “ನಮ್ಮನೇದೇ. ಏಕಾಂತಂಗೆ ನೀರು ಕೊಡೋದು.”

“ಹಗೇವು ತೆರೆದ ದಿನ ರಾತ್ರಿ ಕಾಟಪ್ಪ ಇಲ್ಲಿಗೆ ಬಂದಿದ್ನಾ?”

“ಎಲ್ಲಾದ್ರೂ ಉಂಟಾ? ಅವನು ಹಿತ್ತಲ ಹೊಸ್ತಿಲು ದಾಟಂಗಿಲ್ಲ. ದಾಟಿದ್ರೆ ಮನೆ ತೊಳೀಬೇಕು.”

“ರಾತ್ರಿ ಬಾಗಿಲು?”

“ಒಳಗಿನಿಂದ ಅಗುಳಿ ಹಾಕ್ತೀವಿ. ಮನೇಲಿ ನಾವು ಮೂರೇ ಜನ.” ಹೇಳಿದ ಮೇಲೆ, ತಾವು ಹೇಳಿದ್ದೇನೆಂದು ಅವರಿಗೇ ಹೊಳೆದು, ಕಂಬ ಹಿಡಿದುಕೊಂಡರು.

ಏಕಾಂತಮ್ಮ ತಾನಾಗಿ ಬಂದಳು. ಮೂರ್ತಪ್ಪ ಕೂರಲು ಹೇಳಿದರು. ಅವಳು ಬಾಗಿಲಿಗೆ ಹತ್ತಿರವಾದ ಜಾಗ ನೋಡಿ ಕುಳಿತಳು.

“ಕಾಟಪ್ಪಣ್ಣನ್ನ ಏನು ಮಾಡ್ತೀರ ಸ್ವಾಮಿ?”

“ಅವನು ಏನೂ ಹೇಳ್ತಿಲ್ಲ. ಹಿಂಗೇ ಇದ್ರೆ ಕೋರ್ಟು ಅವನನ್ನೇ ತಪ್ಪಿತಸ್ಥ ಅಂತದೆ.”

“ಅವನಿಗೆ ಗೊತ್ತಿತ್ತು. ಊಟ ಕೊಡೋಕೆ ಹೋದಾಗ ನಾನು ಕಲ್ಲು ತಗಂಡಿದ್ದು ನೋಡ್ದ. ಯಾಕವ್ವಾ ಅಂದ. ಇಲಿಗೆ ಅಂದೆ. ಮೈಗೆ ತಾಗಿಸ್ಕಬ್ಯಾಡ, ಸುಡ್ತೈತೆ ಅಂದ, ಅಷ್ಟೇ.”

“ಹಗೇವಿಗೆ ಯಾಕೆ ಹಾಕಿದೆ?”

ಅವಳು ಸುಟ್ಟ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

“ಆ ದಿನ ಹಾಲು ಉಕ್ಕಿ ಚೆಲ್ಲಿತ್ತು. ನಾಳೆ ಜೋಳ ತೆಗೆದ ಮೇಲೆ ಅಲ್ಲೇ ಕುಂತಿರು ಅಂದಿದ್ರು ದೊಡ್ಡಪ್ಪ. ಒಳಗೆ ಕುಂತ್ರೆ ಜೋಳ ಕಾಲು ನುಂಗ್ತೈತೆ. ಅಲ್ಲಾಡಿದ್ರೆ ಇನ್ನೂ ಇಳೀತೀವಿ. ಕೂಗಿದ್ರೆ ನನ್ನ ದನಿ ನನಗೇ ಬರ್ತಿತ್ತು. ಗೋಡೆ ಕೆರೆದು ನೋಡ್ದೆ, ಅರ್ಧಕ್ಕೆ ಬಂದ ಮೇಲೆ ಹಿಡಿಯೋಕೆ ಸಿಗಲ್ಲ. ಗ್ಯಾಸ್ ವಾಸನೇಲಿ ತಲೆ ಸುತ್ತೋದು ಗೊತ್ತಿತ್ತು. ಕೆಟ್ಟ ಗಾಳಿ ಅಂದ್ಕಂಡೆ. ಕೆಟ್ಟ ಗಾಳೀಲಿ ದೀಪ ಆರ್ತೈತಲ್ಲ? ದೀಪ ಆರಿದ್ರೆ ಚಿತ್ತಯ್ಯಣ್ಣ ನನ್ನ ಇಳಿಸಲ್ಲ. ಯಾರು ಹೇಳಿದ್ರೂ ಇಳಿಸಲ್ಲ. ಈ ವರ್ಷ ಹಗೇವು ಕೆಟ್ಟೈತೆ ಅಂತ ಬಂಡೆ ಮುಚ್ಚಿಬಿಡ್ತಾನೆ. ನಾನು ಹೊರಗಿರುವಾಗ.”

ಕೊಟ್ರಮ್ಮ ಕಂಬಕ್ಕೆ ಮುಖ ಒತ್ತಿಕೊಂಡು ನಿಂತಿದ್ದರು.

“ಅವನು ದೀಪ ಇಳಿಸೋಕೆ ಮುಂಚೆ ತಿರುಗಿ, ಇವತ್ತು ವಾಸನೆ ಜಾಸ್ತಿ ಐತೆ ಕಣವ್ವ, ನೀನು ಹಿಂದೆ ಸರಿ ಅಂದ,” ಏಕಾಂತಮ್ಮ ಹೇಳಿದಳು. “ನಾನು ಸರಿದೆ.”

ಮೂರ್ತಪ್ಪ ಹೇಳಿಕೆ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿದರು. ಬಲಗೈ ಸುಟ್ಟಿದ್ದರಿಂದ ಎಡಗೈಯದು. ಬಂಧನದ ವಿಷಯವನ್ನು ಪಟೇಲರ ಎದುರಿನಲ್ಲಿ ತಿಳಿಸಿದರು. ಕೊಟ್ರಮ್ಮ ಒಳಗಿನಿಂದ ತಮ್ಮ ಹೊದಿಕೆ ತಂದು ಅವಳ ಹೆಗಲಿಗೆ ಹಾಕಿದರು. ಹೊರಗೆ ಉರಿಬಿಸಿಲಿತ್ತು. ಅವರಿಗೆ ಕೊಡಲು ಬೇರೇನೂ ತೋಚಿರಲಿಲ್ಲ.

ಬೀದಿಯಲ್ಲಿ ತಿಪ್ಪಮ್ಮ ಎದುರಾದಳು. ಸುದ್ದಿ ಆಗಲೇ ಮುಟ್ಟಿತ್ತು. ಏಕಾಂತಮ್ಮ ನಿಂತಳು. ಕಾಲಿಗೆ ಬೀಳಲು ಬಗ್ಗಿದಾಗ ತಿಪ್ಪಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

“ನನ್ನ ಗಂಡ ಇದ್ದಿದ್ರೆ, ಹೋಗ್ಲಿ ಬಿಡ್ರಿ, ಕೂಸು ಅಂತಿದ್ದ,” ಅವಳು ಮೂರ್ತಪ್ಪನವರಿಗೆ ಹೇಳಿದಳು. “ನಾನು ಅಷ್ಟು ಒಳ್ಳೇಳಲ್ಲ ಸ್ವಾಮಿ. ಕರ್ಕಂಡು ಹೋಗ್ರಿ.” ಆಮೇಲೆ ಏಕಾಂತಮ್ಮನ ಕೈ ನೋಡಿ, “ಆ ಸುಟ್ಟಿದ್ದಕ್ಕೆ ಧೂಳು ತಾಗದಂಗೆ ಏನಾದ್ರೂ ಕಟ್ರಿ,” ಅಂದು ಹೊರಟುಹೋದಳು.

ಮುರುಗೇಶಪ್ಪ ಸಂತೆಯಿಂದ ನೇರವಾಗಿ ಠಾಣೆಗೆ ಬಂದರು.

“ನಮ್ಮ ಮನೆ ಹುಡುಗಿಗೆ ಬುದ್ಧಿ ಹೇಳೋಕೂ ನಿಮ್ಮನ್ನ ಕೇಳಬೇಕಾ ಸಾಹೇಬ್ರೆ?”

“ಬಂಡೆ ಎಳೆಯೋಕೆ ಕೇಳಬೇಕಿತ್ತು,” ಮೂರ್ತಪ್ಪ ಅಂದರು. “ಅಕ್ರಮ ಬಂಧನ ಅಂತ ಇನ್ನೊಂದು ಪ್ರಕರಣ ದಾಖಲಾಗಿದೆ. ಆರೋಪಿ ನೀವು. ಕುಂತ್ಕಳ್ರಿ, ಹೇಳಿಕೆ ಬರ್ಕೊಬೇಕು.”

ಅವರು ಕೂರಲಿಲ್ಲ. ಜಾಮೀನು ಕೊಡಲು ಇಬ್ಬರು ಗೆಳೆಯರನ್ನು ಜೊತೆಯಲ್ಲೇ ಕರೆತಂದಿದ್ದರು. ಸಂಜೆಯೊಳಗೆ ಅವರು ಮನೆಗೆ ಹೋದರು. ಕಾಟಪ್ಪನನ್ನೂ ಬಿಟ್ಟರು. ಹೋಗುವಾಗ ಅವನು ಏಕಾಂತಮ್ಮನಿಗಾಗಿ, ತನಗೆ ಹೊದೆಯಲು ಕೊಟ್ಟಿದ್ದ ಕಂಬಳಿಯನ್ನು ಮಡಿಸಿ ಲಾಕಪ್ಪಿನ ಬಾಗಿಲಲ್ಲಿಟ್ಟು ನಡೆದ.

ಏಕಾಂತಮ್ಮನಿಗೆ ಜಾಮೀನು ನಿಲ್ಲಲು ಯಾರೂ ಇರಲಿಲ್ಲ. ಬಿ.ದುರ್ಗದ ಚಿಕ್ಕಮ್ಮನಿಗೆ ಆಳು ಕಳಿಸಿದ್ದರು. ಅವರು ಬರಲು ಎರಡು ದಿನವಾದರೂ ಬೇಕು. ಅವಳು ಲಾಕಪ್ಪಿನ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು. ಕಿರಿದಾದ ಕೋಣೆ, ಎತ್ತರದಲ್ಲೊಂದು ಗವಾಕ್ಷಿ.

“ಬಾಗಿಲು ಹಾಕ್ತೀರಾ?”

“ಹಾಕಬೇಕಮ್ಮ,” ಮೂರ್ತಪ್ಪ ಅಂದರು. “ಸರಳಿನ ಬಾಗಿಲು ಮಾತ್ರ. ಮರದ ಬಾಗಿಲು ಹಾಕಲ್ಲ.”

ಅವಳು ತಲೆಯಾಡಿಸಿ ಒಳಗೆ ಹೋದಳು.

ಮೂರ್ತಪ್ಪ ಮೇಜಿಗೆ ಬಂದು ದಿನಚರಿ ತೆರೆದರು. ಕೊಲೆಯ ಕಲಂ ಹೊಡೆದುಹಾಕಿ, ಅಜಾಗರೂಕತೆಯಿಂದ ಮರಣ ಉಂಟುಮಾಡಿದ ಕಲಂ ಬರೆದರು. ಕೃತ್ಯಕ್ಕೆ ಕಾರಣವೇನೆಂಬ ಕಡೆ ಲೇಖನಿಯನ್ನು ಮತ್ತೆ ಶಾಯಿಗೆ ಅದ್ದಿದರು. ಆಮೇಲೆ ಬರೆದರು: ಆರೋಪಿಯು ಹಗೇವಿನೊಳಗೆ ಇಳಿಯುವುದನ್ನು ತಪ್ಪಿಸಿಕೊಳ್ಳಲು ದೀಪ ಆರಬೇಕೆಂದು ಬಯಸಿದ್ದಳು. ಯಾರನ್ನೂ ಕೊಲ್ಲುವ ಉದ್ದೇಶ ತನಿಖೆಯಲ್ಲಿ ಕಂಡುಬಂದಿಲ್ಲ.

ಹಿಂದುಗಡೆ ಯತ್ತಪ್ಪ ತನ್ನ ಬೆಂಚನ್ನು ಲಾಕಪ್ಪಿನ ಎದುರಿಗೆ ಎಳೆದುಕೊಳ್ಳುವ ಸದ್ದು ಕೇಳಿಸಿತು.

“ಯಾರಾದ್ರೂ ಇದೀರಾ?” ಒಳಗಿನಿಂದ ಏಕಾಂತಮ್ಮ ಕೇಳಿದಳು.

“ಇದೀನವ್ವ.”

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಹೊತ್ತು ಮುಳುಗುವ ತನಕ ನಡುನಡುವೆ ಕೇಳುತ್ತಲೇ ಇದ್ದಳು. ಯತ್ತಪ್ಪ ಒಂದು ಸಲವೂ ಬೇಸರಿಸದೆ ಓಗೊಟ್ಟ.